ತಿದಿಯ ಕ್ಯಾಮೆರಾ



ಕಮ್ಮಾರನ ತಿದಿಯನ್ನು ನೀವೆಲ್ಲರೂ ಕಂಡಿದ್ದೀರಿ. ಹಾರ್ಮೋನಿಯಮ್ಮಿನ ತಿದಿಯನ್ನೂ ಬಲ್ಲಿರಿ. ಒಂದು ಬೆಂಕಿಗೆ ಗಾಳಿಯೂಡುತ್ತದೆ, ಮತ್ತೊಂದು ಸ್ವರಕ್ಕೆ. ಮೂರನೆಯದೊಂದು ತಿದಿಯುಂಟು, ಅದರ ಕೆಲಸ ಕತ್ತಲೆಯನ್ನು ಕಾಯುವುದು. ಮಡಿಸುವ ಕ್ಯಾಮೆರಾದಲ್ಲಿ ಮಸೂರಕ್ಕೂ ಫಿಲ್ಮಿಗೂ ನಡುವೆ ಇರುವ ನೆರಿಗೆಯ ಚೀಲವೇ ಅದು.

1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು, ಮುಂದೆ ಬಹುಕಾಲ ನಮ್ಮ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹಂಪೆಯ ಗುಡಿಗೋಪುರಗಳ ಛಾಯಾಚಿತ್ರಗಳನ್ನು ತೆಗೆದನು. ಮೇಣ ಹಚ್ಚಿದ ಅವನ ಕಾಗದದ ನೆಗೆಟಿವ್‌ಗಳು ಒಂದು ಮೊಳಕ್ಕೆ ಸಮೀಪವಾದ ಅಳತೆಯವು. ಅವನ್ನು ಹಿಡಿಯುವ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕೆಂಬುದನ್ನು ಊಹಿಸಿಕೊಳ್ಳಿ. ಅಂಥ ಯಂತ್ರ ಗೃಹಸ್ಥನ ಜೇಬಿಗೆ ಇಳಿಯಬೇಕಾದರೆ ಅನೇಕ ಕುಶಲಿಗಳ ಶ್ರಮ ಬೇಕಾಯಿತು. ಅವರಲ್ಲೊಬ್ಬನು ಜರ್ಮನಿಯ ಆಗುಸ್ಟ್ ನಾಗೆಲ್.

ನಾಗೆಲ್ 1882ರಲ್ಲಿ ಹುಟ್ಟಿದವನು. ಅವನು ಬೆಳೆಸಿದ ಕಾಂಟೆಸಾ-ನೆಟ್ಟೆಲ್ ಸಂಸ್ಥೆ 1926ರಲ್ಲಿ ಇತರ ಕೆಲವು ಸಂಸ್ಥೆಗಳೊಡನೆ ಸೇರಿ ಝೈಸ್ ಐಕಾನ್ ಎಂಬ ದೊಡ್ಡ ಸಂಸ್ಥೆಯಲ್ಲಿ ಲೀನವಾಯಿತು. ಆದರೆ ಆತನಿಗೆ ಸ್ವಂತ ಕಾರ್ಖಾನೆಯೇ ಬೇಕಾಗಿತ್ತು. 1928ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದನು. ಅಲ್ಲಿ ಹುಟ್ಟಿದ ಪುಟ್ಟ ‘ಫೊಲೆಂಡಾ’ದಲ್ಲಿ ಎಂಟು ಚಿತ್ರಗಳ ಸುರುಳಿಯಿಂದ ಹದಿನಾರು ಚಿತ್ರಗಳನ್ನು ಪಡೆಯಬಹುದಾಗಿತ್ತು. ಕೆಲವೇ ವರ್ಷಗಳಲ್ಲಿ ಈ ಕಾರ್ಖಾನೆಯೂ ಅಮೆರಿಕದ ಕೊಡಾಕ್ ಸಂಸ್ಥೆಯ ವಶವಾಯಿತು. ನಾಗೆಲ್ ಮಾತ್ರ ಕೆಲಸ ಬಿಡಲಿಲ್ಲ. 1934ರಲ್ಲಿ ಅಲ್ಲಿಂದಲೇ ‘ರೆಟಿನಾ’ ಹೊರಬಂದಿತು. ಅದರೊಡನೆ ಬಂದ ಫಿಲ್ಮಿನ ಡಬ್ಬಿಯನ್ನು ಹಗಲು ಬೆಳಕಿನಲ್ಲೇ ತುಂಬಬಹುದಾಗಿತ್ತು. ಲೈಕಾ ಯಂತ್ರಕ್ಕೂ ಅದು ಹೊಂದುತ್ತಿತ್ತು. ನಾಗೆಲ್ 1943ರಲ್ಲಿ ತೀರಿಕೊಂಡನು. ಆ ಡಬ್ಬಿ ಇಂದಿಗೂ ಮಾರಾಟದಲ್ಲಿದೆ. ಹೆಸರು ಅಳಿದರೂ ಅಳತೆ ಉಳಿಯಿತು.

ಸಿರುಗುಪ್ಪದ ನಮ್ಮ ಮನೆಯಲ್ಲಿ ತಂದೆಯವರ ರೆಟಿನಾ ಒಂದಿತ್ತು. ಮುಚ್ಚುವ ಮೊದಲು ದೂರದ ಮುಳ್ಳನ್ನು ಅನಂತಕ್ಕೆ ತಿರುಗಿಸಬೇಕೆಂಬುದು ಅವರು ಕಲಿಸಿದ ಮೊದಲ ಪಾಠ, ಬಲವಂತಪಡಿಸಕೂಡದೆಂಬುದು ಎರಡನೆಯದು. ನಾನು ವಿದ್ಯಾರ್ಥಿಯಾಗಿದ್ದಾಗ ಕುರುಗೋಡಿನ ದೊಡ್ಡ ಬಸವೇಶ್ವರನ ಗುಡಿಯ ಮುಂದೆ ತಾಯಿಯವರನ್ನು ನಿಲ್ಲಿಸಿ ಚಿತ್ರ ತೆಗೆದೆ. ಬಳ್ಳಾರಿಯಲ್ಲಿ ತೊಳೆಸಿ ನೋಡಿದರೆ, ಚಿತ್ರದ ಒಂದು ಮೂಲೆಯಿಂದ ಭುಜದವರೆಗೆ ಬಿಳಿಯ ಪಟ್ಟೆ! ನಮ್ಮ ಸೀಮೆಯ ಬಿಸಿಲಿಗೆ ಒಣಗಿದ ತಿದಿಯ ನೆರಿಗೆ, ಮೂಲೆಯಲ್ಲಿ ಕೂದಲೆಳೆಯಷ್ಟು ಬಿರಿದಿತ್ತು. ಇನ್ನೊಮ್ಮೆ ತೆಗೆದರಾಯಿತೆಂದುಕೊಂಡೆ. ಆ ಇನ್ನೊಮ್ಮೆ ಬರಲಿಲ್ಲ. ಮಳೆಗಾಲಕ್ಕೆ ಮೊದಲೇ ತಾಯಿ ಹೋದರು. ಮುಖ ಉಳಿದಿದೆ, ನನ್ನಲ್ಲಿರುವುದು ಅದೊಂದೇ ಚಿತ್ರ.

ಆದುದರಿಂದ ಹಳೆಯ ಮಡಿಸುವ ಕ್ಯಾಮೆರಾ ಇರುವವರಲ್ಲಿ ಒಂದು ಬಿನ್ನಹ. ಫಿಲ್ಮಿಲ್ಲದಾಗ ಹಿಂಬಾಗಿಲನ್ನು ತೆರೆದು, ಕತ್ತಲ ಕೋಣೆಯಲ್ಲಿ ತಿದಿಯೊಳಗೆ ಪುಟ್ಟ ದೀಪವನ್ನು ಹಿಡಿದು ಹೊರಗಿನಿಂದ ನೋಡಿ. ನಕ್ಷತ್ರದಂತೆ ಚುಕ್ಕೆ ಕಂಡರೆ ಅಲ್ಲೇ ಬಿರುಕು. ತೆಳುವಾದ ಕಪ್ಪು ಬಟ್ಟೆಯ ಚೂರನ್ನು ಅಂಟಿಸಿದರೆ ಸಾಕು. ಇದು ಅರ್ಧ ಗಂಟೆಯ ಕೆಲಸ. ನಾನು ಅದನ್ನು ಕಲಿತದ್ದು ತಡವಾಗಿ; ನೀವಾದರೂ ಮೊದಲೇ ನೋಡಿಕೊಳ್ಳಿರಿ.