ಗಿಡಗಳಿಗೂ ಅಡ್ಡಹೆಸರುಂಟು



ನಮ್ಮ ಹತ್ತನೇ ತರಗತಿಯಲ್ಲಿ ಮೂವರು ಬಸವರಾಜರಿದ್ದರು. ಬಹುಮಾನಕ್ಕೆ ಕರೆದರೆ ಮೂವರೂ ಏಳುತ್ತಿದ್ದರು, ಏಟಿಗೆ ಕರೆದರೆ ಒಬ್ಬನೂ ಏಳುತ್ತಿರಲಿಲ್ಲ. ಅದಕ್ಕೇ ಗುರುಗಳು ಅಡ್ಡಹೆಸರು ಹಿಡಿದು ಕೂಗುತ್ತಿದ್ದರು. ಗಿಡಗಳ ಲ್ಯಾಟಿನ್ ಹೆಸರಿನ ಉಪಯೋಗವೂ ಇದೇ ಎಂದು ತಿಳಿಯಲು ನಾನು ಬಿಇ ಮುಗಿಸಿ ಹತ್ತು ವರ್ಷವಾಗಬೇಕಾಯಿತು.

2022ರಲ್ಲಿ ಮನೆಯಿಂದಲೇ ಕೆಲಸ ಮಾಡುತ್ತ ಬನಹಟ್ಟಿಯಲ್ಲಿದ್ದೆ. ನರ್ಸರಿಯೊಂದರಿಂದ ತಂದು ಹಿತ್ತಲಲ್ಲಿ ಹಚ್ಚಿದ್ದ ಅಮೃತಬಳ್ಳಿ ಸೊಗಸಾಗಿ ಹಬ್ಬಿತ್ತು. ಹದಿನೈದು ದಿನಗಳಿಂದ ಅವ್ವ ಅದರ ಕಷಾಯ ಕುಡಿಯುತ್ತಿದ್ದಳು. ಒಂದು ಮುಂಜಾನೆ ನೀರು ಹಾಕುವಾಗ ಕಾಂಡ ಕೈಗೆ ತಾಗಿತು. ಮೈತುಂಬ ಗುಳ್ಳೆಯಂಥ ಉಬ್ಬುಗಳು! ಕತ್ತರಿಸಿದರೆ ಹಾಲಿನಂಥ ಸೊನೆ. ನನ್ನ ಎದೆ ಧಸಕ್ಕೆಂದಿತು. ಆಯುಷ್ ಸಚಿವಾಲಯ ಇದರ ಬಗ್ಗೆಯೇ ಎಚ್ಚರಿಸಿದ್ದನ್ನು ಓದಿದ್ದೆ. ಔಷಧದ ಅಮೃತಬಳ್ಳಿ ಟಿನೊಸ್ಪೊರಾ ಕಾರ್ಡಿಫೋಲಿಯಾ. ಅದರ ದಾಯಾದಿ ಟಿನೊಸ್ಪೊರಾ ಕ್ರಿಸ್ಪಾ. ಮನೆತನ ಒಂದೇ, ಆಳು ಬೇರೆ. ಕ್ರಿಸ್ಪಾ ಸೇವಿಸಿ ಯಕೃತ್ತು ಕೆಟ್ಟ ಉದಾಹರಣೆಗಳಿವೆ.

ಅವ್ವ ಒಪ್ಪಲಿಲ್ಲ. "ಎಲಿ ನೋಡು, ಅದ ಐತಿ. ಆ ಇಂಗ್ಲಿಷ್ ಹೆಸರು ಕಟ್ಕೊಂಡು ನಾ ಏನ್ ಮಾಡ್ಲಿ?" ಅವಳದೂ ತಪ್ಪಲ್ಲ. ಕಾರ್ಡಿಫೋಲಿಯಾ ಎಂದರೆ ಹೃದಯದಾಕಾರದ ಎಲೆಯದು ಎಂದರ್ಥ. ಆದರೆ ಅಂಥ ಎಲೆ ಎರಡಕ್ಕೂ ಇದೆ. ಕಡೆಗೆ ಕೇಳಿದೆ: "ಅವ್ವಾ, ಮಗ್ಗದ ಪಗಾರಿನ ಚೀಟಿ ಮ್ಯಾಲೆ ಬರೇ ಬಸವರಾಜ ಅಂತ ಬರದ್ರ ರೊಕ್ಕ ಯಾರಿಗೆ ಹೋಗ್ತೈತಿ?" ಅವ್ವ ಸುಮ್ಮನೆ ಲೋಟ ಕೆಳಗಿಟ್ಟಳು. ಮರುದಿನ ರಕ್ತಪರೀಕ್ಷೆ ಮಾಡಿಸಿದೆವು. ಏನೂ ಆಗಿರಲಿಲ್ಲ. ವರದಿ ಕೈಗೆ ಬರುವವರೆಗೆ ನಾನು ಊಟ ಮಾಡಲಿಲ್ಲ, ಅದು ಅವ್ವನಿಗೆ ಇಂದಿಗೂ ಗೊತ್ತಿಲ್ಲ.

ಅಂದಿನಿಂದ ಈ ಹೆಸರುಗಳ ಹುಚ್ಚು ಹಿಡಿಯಿತು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಗಳಿಗೆಲ್ಲ ಎರಡು ಪದದ ಹೆಸರಿಟ್ಟ, ಮೊದಲು ಅಡ್ಡಹೆಸರು, ಆಮೇಲೆ ಹೆಸರು. ಕಬ್ಬು ಸ್ಯಾಕರಮ್ ಆಫಿಸಿನೇರಮ್. ಸ್ಯಾಕರಮ್‌ನ ಬೇರು ನಮ್ಮ 'ಶರ್ಕರಾ'. ಆಫಿಸಿನೇರಮ್ ಎಂದರೆ ಔಷಧದಂಗಡಿಯದು. ನಮ್ಮ ಹೊಲಗಳಲ್ಲಿರುವುದು ಅದರ ಮಿಶ್ರತಳಿ, ಇರಲಿ. ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಾಗೆಲ್ಲ, ಇಷ್ಟು ಔಷಧ ಯಾವ ಅಂಗಡಿಗೆ ಹೊರಟಿತಪ್ಪಾ ಎಂದು ನಗು ಬರುತ್ತದೆ. ಹುಣಸೆಯದು ಇನ್ನೂ ಮೋಜು. ಅರಬ್ಬರು 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಎಂದದ್ದು ಟ್ಯಾಮರಿಂಡಸ್ ಆಯಿತು. ಲಿನೇಯಸ್ ಅದಕ್ಕೆ ಮತ್ತೆ 'ಇಂಡಿಕಾ' ಸೇರಿಸಿದ. ದೇಶದ ಹೆಸರು ಎರಡೆರಡು ಸಲ, ಆದರೆ ಗಿಡದ ತವರು ಆಫ್ರಿಕಾ!

ಈಗ ಅವ್ವ ಯಾವ ಸಸಿ ಕೊಂಡರೂ "ಇದರ ಅಡ್ಡಹೆಸರು ಏನಪಾ?" ಎಂದು ಕೇಳುತ್ತಾಳೆ. ಗೊತ್ತಿಲ್ಲವೆಂದರೆ ಕಷಾಯಕ್ಕೆ ಬಳಸುವುದಿಲ್ಲ.

ನಮ್ಮ ಶಾಲೆಯ ಆವರಣದ ಗಿಡಗಳಿಗಾಗಿ ತಗಡಿನ ಹೆಸರುಪಟ್ಟಿಗಳನ್ನು ಮಾಡಿಸಿ ತಂದಿದ್ದೇನೆ. ಮೇಲೆ ನಮ್ಮ ಊರಿನ ಹೆಸರು, ಕೆಳಗೆ ಲ್ಯಾಟಿನ್ ಹೆಸರು, ಎರಡೂ ಕನ್ನಡದಲ್ಲೇ ಇವೆ. ಊಟವಾದ ಮೇಲೆ ಎಂಟನೇ ತರಗತಿಯ ಮಕ್ಕಳು ನನ್ನ ಜೊತೆ ಬರಬೇಕು. ಮೊಳೆ ಹೊಡೆಯುವುದು ಬೇಡ, ದಾರದಿಂದ ಸಡಿಲಾಗಿ ಕಟ್ಟೋಣ, ಗಿಡ ದಪ್ಪಾಗಲು ಜಾಗ ಬೇಕಲ್ಲ.