ಶಾಲೆಯ ಲೆಕ್ಕ, ವರದಕ್ಷಿಣೆಯ ಲೆಕ್ಕ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಇಂದು ನಿಮ್ಮ ಮುಂದೆ ಒಂದು ಪ್ರಶ್ನೆ ಇಡುತ್ತೇನೆ. ಶಾಲೆ ಎಲ್ಲ ಮಕ್ಕಳನ್ನೂ ಸಮನಾಗಿ ಕಾಣುತ್ತದೆಯೇ? ವರದಕ್ಷಿಣೆಯ ವಿರುದ್ಧ ಸೇರಿದ ಸಭೆಯಲ್ಲಿ ಶಾಲೆಯ ಮಾತೇಕೆ ಎಂದು ನೀವು ಕೇಳಬಹುದು. ಮಗನ ಫೀಜು, ಮಗಳ ಓದು, ಮಗಳ ಮದುವೆ ಮೂರಕ್ಕೂ ದುಡ್ಡು ಹೊರಡುವುದು ಒಂದೇ ಚೀಲದಿಂದ. ಅದಕ್ಕೇ ಈ ಮಾತು.

"ಬುದ್ಧಿ ಇದ್ದವರು ಓದುತ್ತಾರೆ, ಇಲ್ಲದವರು ಹಿಂದೆ ಬೀಳುತ್ತಾರೆ" ಎಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆಯನ್ನು ಸಮಾಜಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್‌ಮನ್ ಮತ್ತು ಸಂಗಡಿಗರು ಲಕ್ಷಾಂತರ ಮಕ್ಕಳನ್ನು ಕುರಿತು ವರದಿ ಕೊಟ್ಟರು. ಮಗುವಿನ ಕಲಿಕೆಯ ಮೇಲೆ ಶಾಲೆಯ ಕಟ್ಟಡ, ಸಲಕರಣೆಗಳಿಗಿಂತ ಮನೆಯ ಪರಿಸ್ಥಿತಿಯ ಪ್ರಭಾವವೇ ಹೆಚ್ಚು ಎಂಬುದು ಅದರ ತಿರುಳು. ಫ್ರಾನ್ಸಿನ ಪಿಯರ್ ಬೋರ್ದ್ಯೂ ಇನ್ನೂ ಮುಂದೆ ಹೋಗಿ, ಬಂಡವಾಳ ಎಂದರೆ ಹಣ ಮಾತ್ರವಲ್ಲ ಎಂದರು. ಬಂಡವಾಳ ಎಂದರೇನೆಂದು ಸಂಘದವರಾದ ನಿಮಗೆ ಗೊತ್ತು. ಆದರೆ ಪಾಸ್‌ಪುಸ್ತಕದಲ್ಲಿ ಕಾಣದ ಬಂಡವಾಳವೂ ಇದೆ. ಓದಿದ ತಾಯಿತಂದೆ, ಮನೆಯಲ್ಲಿರುವ ಪುಸ್ತಕ, ಪುಸ್ತಕದ ಭಾಷೆಗೆ ಹತ್ತಿರವಾದ ಮನೆಮಾತು, ಮೇಷ್ಟರ ಎದುರು ಅಂಜದೆ ನಿಲ್ಲುವ ಧೈರ್ಯ, ಇವೆಲ್ಲವೂ ಬಂಡವಾಳವೇ. ಶಾಲೆ ಇದನ್ನು ಕಲಿಸುವುದು ಕಡಿಮೆ. ಆದರೆ ಪರೀಕ್ಷೆಯಲ್ಲಿ ಇದನ್ನೇ ಕೇಳುತ್ತದೆ. ಇದ್ದವರ ಮಗು ತಂದದ್ದಕ್ಕೆ "ಜಾಣ" ಎಂಬ ಹೆಸರು, ಇಲ್ಲದವರ ಮಗುವಿಗೆ "ದಡ್ಡ" ಎಂಬ ಹೆಸರು. ಹೀಗೆ ಹುಟ್ಟಿನಿಂದ ಬಂದ ಅಸಮಾನತೆ ಶಾಲೆಯ ಹೊಸ್ತಿಲು ದಾಟಿ ಹೊರಬರುವಾಗ ಆ ಮಗುವಿನದೇ ತಪ್ಪಾಗಿ ಬರುತ್ತದೆ. ಕೂಲಿಯವರ ಮಗು, ದಲಿತರ ಮಗು ಈ ಪೆಟ್ಟನ್ನು ತಿನ್ನುತ್ತಲೇ ಬಂದಿದೆ.

ಈಗ ಒಂದೇ ಮನೆಯೊಳಗೆ ಬನ್ನಿ. ಅದೇ ತಾಯಿ, ಅದೇ ತಂದೆ, ಅದೇ ಆದಾಯ. ಮಗ ಫೀಜು ಕಟ್ಟುವ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಾನೆ. ಮಗಳು ಊರಿನ ಸರ್ಕಾರಿ ಶಾಲೆಗೆ ನಡೆದು ಹೋಗುತ್ತಾಳೆ. ಸರ್ಕಾರಿ ಶಾಲೆ ಕೀಳೆಂದು ನಾನು ಹೇಳುತ್ತಿಲ್ಲ, ನಮ್ಮ ನಾಡನ್ನು ಓದಿಸಿದ್ದೇ ಅದು. ನಾನು ಹೇಳುತ್ತಿರುವುದು ಮನೆಯವರು ಹಾಕಿದ ಬೆಲೆಯ ವಿಚಾರ. ಶಾಲೆಯಿಂದ ಬಂದ ಮೇಲೆ ಮಗನಿಗೆ ಟ್ಯೂಷನ್, ಮಗಳಿಗೆ ನೀರು, ಪಾತ್ರೆ, ತಮ್ಮನನ್ನು ಎತ್ತಿಕೊಳ್ಳುವ ಕೆಲಸ. ಇಷ್ಟಾದರೂ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ವರ್ಷ ವರ್ಷವೂ ಹುಡುಗಿಯರೇ ಮುಂದೆ. ಅಂದಮೇಲೆ ಕೊರತೆ ಇರುವುದು ಬುದ್ಧಿಯಲ್ಲಲ್ಲ.

ಈ ಲೆಕ್ಕಕ್ಕೆ ಕಾರಣ ವರದಕ್ಷಿಣೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1984ರಲ್ಲಿ ವರದಕ್ಷಿಣೆ ಕುರಿತು ಪುಟ್ಟ ಪುಸ್ತಕವೊಂದನ್ನು ಪ್ರಕಟಿಸಿದರು. ಇಂದಿನ ವರದಕ್ಷಿಣೆ ಹಳೆಯ ಸ್ತ್ರೀಧನವಲ್ಲ, ಬ್ರಿಟಿಷರ ಕಾಲದಿಂದೀಚೆಗೆ ನಗದು ಹಣ, ಆಧುನಿಕ ಶಿಕ್ಷಣ, ಸಂಬಳದ ನೌಕರಿಗಳ ಜೊತೆ ಬೆಳೆದದ್ದು ಎಂಬುದು ಅವರ ವಾದ. ನಮ್ಮ ಕಡೆಯ ಎಷ್ಟೋ ಜಾತಿಗಳಲ್ಲಿ ಹಿಂದೆ ಗಂಡಿನವರೇ ತೆರ ಕೊಡುತ್ತಿದ್ದರೆಂಬುದನ್ನು ನಿಮ್ಮ ಅಜ್ಜಿಯರು ಹೇಳಿರಬಹುದು. ಗಂಡು ಓದಿ ನೌಕರಿ ಹಿಡಿದ ಮೇಲೆ ಗಾಳಿ ತಿರುಗಿತು. ಮಗನ ಓದು ಮರಳಿ ಬರುವ ಹೂಡಿಕೆಯಾಯಿತು, ಮಗಳ ಓದು ಖರ್ಚಾಯಿತು. "ಇವಳನ್ನು ಹೆಚ್ಚು ಓದಿಸಿದರೆ ಇನ್ನೂ ಹೆಚ್ಚು ಓದಿದ ಗಂಡು ಬೇಕು, ಅವನ ರೇಟು ಎಲ್ಲಿಂದ ತರಲಿ?" ಎಂದು ತಂದೆಯೊಬ್ಬರು ನನ್ನೆದುರೇ ಕೇಳಿದ್ದರು. ಅವರ ಮಗಳು ಬಿ.ಎ. ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟಳು. ತರಗತಿಯಲ್ಲಿ ಅವಳೇ ಮೊದಲಿಗಳಾಗಿದ್ದಳು.

ಇನ್ನು ಕಾನೂನಿನ ಒಂದು ಕಂದಕ ನೋಡಿ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುತ್ತದೆ, ಅಂದರೆ ಎಂಟನೇ ತರಗತಿಯವರೆಗೆ. ಹೆಣ್ಣಿನ ಮದುವೆಗೆ ಕಾನೂನು ಒಪ್ಪುವ ವಯಸ್ಸು 18. ನಡುವಿನ ನಾಲ್ಕು ವರ್ಷ ಹುಡುಗಿಯ ಓದಿಗೆ ಆ ಕಾಯಿದೆಯ ಆಸರೆ ಇಲ್ಲ. ಹೈಸ್ಕೂಲು ದೂರ, ಪಿಯು ಕಾಲೇಜು ಇನ್ನೂ ದೂರ, ಮನೆಯಲ್ಲಿ ಗಂಡು ನೋಡುವ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ವಿವಾಹಿತ ಹೆಂಗಸರ ಪೈಕಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದರು. ದೇಶದ ಮಟ್ಟದಲ್ಲಿ ನೋಡಿದರೆ, ಶಾಲೆಗೇ ಹೋಗದವರಲ್ಲಿ ಈ ಹಿಂಸೆ ನೂರಕ್ಕೆ 40, ಹನ್ನೆರಡು ವರ್ಷ ಓದಿದವರಲ್ಲಿ 18. ಓದು ಹೆಣ್ಣಿಗೆ ಆಸರೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಹದಿನೆಂಟು ಸೊನ್ನೆಯಲ್ಲ. ಪದವಿ ಪಡೆದ ಹೆಣ್ಣುಮಕ್ಕಳೂ ಹೊಡೆತ ತಿನ್ನುತ್ತಾರೆ, ಸೀಮೆಎಣ್ಣೆಗೆ ಬಲಿಯಾಗಿದ್ದಾರೆ.

ಯಾಕೆಂದರೆ ಶಾಲೆ ಪುಸ್ತಕದಲ್ಲಿಲ್ಲದ ಪಾಠವನ್ನೂ ಕಲಿಸುತ್ತದೆ. ತರಗತಿ ಗುಡಿಸುವುದು ಹುಡುಗಿಯರು, ಬೆಂಚು ಹೊರುವುದು ಹುಡುಗರು. ಅತಿಥಿಗೆ ಆರತಿ ಎತ್ತುವುದು ಹುಡುಗಿ, ಮೈಕಿನಲ್ಲಿ ಮಾತಾಡುವುದು ಹುಡುಗ. ತಗ್ಗಿ ನಡೆಯುವುದನ್ನು ಹತ್ತು ವರ್ಷ ಅಭ್ಯಾಸ ಮಾಡಿಸಿ, ಗಂಡನ ಮನೆಯಲ್ಲಿ ತಲೆ ಎತ್ತು ಎಂದರೆ ಎತ್ತುವುದು ಹೇಗೆ?

ಶಾಲೆ ಹೀಗೇ ಇರಬೇಕೆಂದೇನಿಲ್ಲ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜ್ಯೋತಿರಾವ್ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಫುಲೆಯವರ ಶಾಲೆಯಲ್ಲಿ ಕಲಿತ ಮುಕ್ತಾ ಸಾಳ್ವೆ ಎಂಬ ಮಾಂಗ್ ಜಾತಿಯ ಹುಡುಗಿ ತನ್ನ ಜನರ ನೋವನ್ನೂ ಧರ್ಮದ ಹೆಸರಿನ ಅನ್ಯಾಯವನ್ನೂ ಪ್ರಶ್ನಿಸಿ ಬರೆದ ಪ್ರಬಂಧ 1855ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವಳಿಗೆ 14 ವರ್ಷ. ನಾವು ಹುಡುಗಿಯರನ್ನು ಶಾಲೆ ಬಿಡಿಸುವ ವಯಸ್ಸೂ ಅದೇ.

ಹಾಗಾದರೆ ನಾವೇನು ಮಾಡಬಹುದು? ಮೊದಲನೆಯದು, ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡಿ. ಮಗಳ ಮದುವೆಗೆಂದು ಎಷ್ಟು ಸಾಲ ಹೋಗಿದೆ, ಮಗಳ ಓದಿಗೆಂದು ಎಷ್ಟು? 1961ರ ವರದಕ್ಷಿಣೆ ನಿಷೇಧ ಕಾಯಿದೆಯಂತೆ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ನಮ್ಮ ಉಳಿತಾಯದ ಹಣ ಅದಕ್ಕೆ ಹೋಗದಂತೆ ಠರಾವು ಮಾಡಿ. ಎರಡನೆಯದು, ಶಾಲಾ ನಿರ್ವಹಣಾ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. ನಮ್ಮ ಎಸ್‌ಡಿಎಂಸಿಯಲ್ಲಿ ಸಹಿ ಹಾಕಿ ಬರಬೇಡಿ, ಕೂತು ಕೇಳಿ: ಶೌಚಾಲಯಕ್ಕೆ ನೀರಿದೆಯೇ, ಕಸ ಗುಡಿಸುವವರು ಯಾರು, ಈ ತಿಂಗಳು ಬಾರದಿದ್ದ ಹುಡುಗಿ ಯಾರು? ಮೂರನೆಯದು, ಎಂಟನೇ ತರಗತಿ ದಾಟಿದ ಊರಿನ ಪ್ರತಿ ಹುಡುಗಿಯ ಹೆಸರನ್ನೂ ಸಂಘದ ಪುಸ್ತಕದಲ್ಲಿ ಬರೆದಿಟ್ಟು ಹದಿನೆಂಟರವರೆಗೆ ಕಾಯಿರಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣವಿಲ್ಲ. ಬಸ್ಸು ಓಡುವ ಊರಿನಲ್ಲಿ ಚಾರ್ಜಿಗೆ ಹಣವಿಲ್ಲವೆಂಬ ನೆವ ಇನ್ನು ನಡೆಯದು. ಎಳೆ ವಯಸ್ಸಿನ ಮದುವೆಯ ಸುದ್ದಿ ಬಂದರೆ 1098ಕ್ಕೆ ಫೋನು ಮಾಡಿ.

ವಾರವಾರವೂ ಪೈಸೆ ಪೈಸೆಯ ಲೆಕ್ಕ ಇಡುವವರು ನೀವು. ಮನೆಯಲ್ಲಿ ಮಗನಿಗೆಷ್ಟು, ಮಗಳಿಗೆಷ್ಟು ಎಂಬ ಲೆಕ್ಕವನ್ನೂ ಈ ವಾರದ ಸಭೆಯಲ್ಲೇ ಬಿಚ್ಚಿಡಿ.