ತೋಳ ಹೋದ ಮೇಲೂ ಉಳಿದ ಬಿರುದು

ಬಿರುದು ಎಂದೊಡನೆ ನಮಗೆ ನೆನಪಾಗುವುದು ವೈಭವ. ಆ ಹೆಸರಿನ ಹಿಂದೆ ಎಂದೋ ಒಂದು ದುಡಿಮೆಯಿತ್ತೆಂಬುದು ಮರೆತೇ ಹೋಗಿರುತ್ತದೆ. ಯೂರೋಪಿನ ಆಸ್ಥಾನಗಳಲ್ಲಿ ಬೇಟೆಯ ಹೆಸರು ಹೊತ್ತ ಬಿರುದುಗಳು ಅನೇಕ. ಇಂಗ್ಲೆಂಡಿನಲ್ಲಿ ರಾಜನ ಜಿಂಕೆಬೇಟೆಯ ನಾಯಿಗಳಿಗೆ ಒಡೆಯನೆಂಬ ಒಂದು ಪದವಿಯಿತ್ತು. ಸರ್ಕಾರ ಬದಲಾದರೆ ನಾಯಿಗಳ ಒಡೆಯನೂ ಬದಲಾಗುತ್ತಿದ್ದ! 1901ರಲ್ಲಿ ಆ ಪದವಿ ರದ್ದಾಯಿತು. ಇಂಥವುಗಳಲ್ಲಿ ನನ್ನನ್ನು ಬಹುವಾಗಿ ಕಾಡಿರುವುದು ಫ್ರಾನ್ಸ್ ದೇಶದ ತೋಳಬೇಟೆಯ ಬಿರುದು. ಇಂದು ಅದರ ಕಥೆಯನ್ನೇ ತಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಒಂಬತ್ತನೆಯ ಶತಮಾನದ ಆರಂಭದಲ್ಲಿ ಚಕ್ರವರ್ತಿ ಷಾರ್ಲಮೇನ್, ಸೀಮೆ ಸೀಮೆಗೂ ಇಬ್ಬಿಬ್ಬರು ತೋಳಬೇಟೆಗಾರರು ಇರತಕ್ಕದ್ದೆಂದು ಆಜ್ಞೆ ಮಾಡಿದ. ಕುರಿಮಂದೆಯನ್ನು ಕಾಯುವುದೇ ಅವರ ಕೆಲಸ. ಕಾಲ ಸರಿದಂತೆ ಈ ಕೆಲಸ ಅರಮನೆಯ ಮೆಟ್ಟಿಲೇರಿತು. ‘ಗ್ರಾಂ ಲೂವ್ತಿಯೆ’, ಅಂದರೆ ತೋಳಬೇಟೆಯ ಮಹಾಧಿಕಾರಿ, ಎಂಬುದು ಕುಲೀನರು ಹಂಬಲಿಸುವ ಆಸ್ಥಾನಪದವಿಯಾಯಿತು. ಅವನ ಕೈಕೆಳಗೆ ಪ್ರಾಂತಗಳಲ್ಲಿ ಉಪಾಧಿಕಾರಿಗಳು.

ಈ ಪದವಿಗಳ ಬೆಲೆಯೆಷ್ಟೆಂಬುದು 1764ರಲ್ಲಿ ಪರೀಕ್ಷೆಗೆ ಬಂದಿತು. ಜೆವೊದಾನ್ ಎಂಬ ಗುಡ್ಡಗಾಡಿನಲ್ಲಿ ಕ್ರೂರಮೃಗವೊಂದು ದನಕುರಿ ಕಾಯುವ ಮಕ್ಕಳನ್ನೂ ಹೆಂಗಸರನ್ನೂ ಕೊಲ್ಲತೊಡಗಿತು. ಹದಿನೈದನೆಯ ಲೂಯಿ ತನ್ನ ಬಂದೂಕವಾಹಕನೆಂಬ ಬಿರುದು ಧರಿಸಿದ್ದ ಫ್ರಾನ್ಸ್ವಾ ಆಂತ್ವಾನ್‌ನನ್ನು ಅಲ್ಲಿಗೆ ಕಳುಹಿಸಿದ. 1765ರ ಸೆಪ್ಟೆಂಬರಿನಲ್ಲಿ ಆಂತ್ವಾನ್ ಭಾರಿ ತೋಳವೊಂದನ್ನು ಹೊಡೆದುರುಳಿಸಿದ. ಅದರ ಚರ್ಮಕ್ಕೆ ಹುಲ್ಲು ತುಂಬಿ ವರ್ಸೇಲ್ಸ್ ಅರಮನೆಗೆ ಒಯ್ದರು. ಆಸ್ಥಾನದ ಲೆಕ್ಕದಲ್ಲಿ ಅಲ್ಲಿಗೆ ಪಿಡುಗು ಮುಗಿಯಿತು.

ಆದರೆ ಹಳ್ಳಿಗರ ಪಾಲಿಗೆ ಮುಗಿಯಲಿಲ್ಲ. ಕೆಲವೇ ತಿಂಗಳಲ್ಲಿ ಸಾವುಗಳು ಮರುಕಳಿಸಿದವು. ಅರಮನೆ ಮತ್ತೆ ಯಾರನ್ನೂ ಕಳುಹಿಸಲಿಲ್ಲ. ಬಿರುದಾಂಕಿತನು ಕೊಂದ ಮೃಗ ಇನ್ನೂ ಬದುಕಿರುವುದೆಂತು? ಕೊನೆಗೆ 1767ರ ಜೂನ್‌ನಲ್ಲಿ ಗುರಿಯಿಟ್ಟು ಹೊಡೆದವನು ಝಾನ್ ಷಾಸ್ತೆಲ್, ಆ ಸೀಮೆಯ ಹಳ್ಳಿಗ. ಆ ಬಳಿಕ ಸಾವುಗಳು ನಿಂತವು. ಅಷ್ಟರಲ್ಲಿ ಸುಮಾರು ನೂರು ಜೀವಗಳು ಹೋಗಿದ್ದವು. ಆಂತ್ವಾನ್ ಹೇಡಿಯಲ್ಲ, ಕಳ್ಳನೂ ಅಲ್ಲ ಎಂದೇ ನನ್ನ ಎಣಿಕೆ. ತಪ್ಪು, ಹಳ್ಳಿಯ ಗೋಳಿಗಿಂತ ಬಿರುದಿನ ಮಾತೇ ದೊಡ್ಡದೆಂದು ನಂಬಿದ ಆಸ್ಥಾನದ್ದು.

1787ರಲ್ಲಿ ಹದಿನಾರನೆಯ ಲೂಯಿ, ಬೊಕ್ಕಸದ ಹೊರೆ ಇಳಿಸಲೆಂದು ತೋಳಬೇಟೆಯ ವ್ಯವಸ್ಥೆಯನ್ನೇ ತೆಗೆದುಹಾಕಿದ. ನೆಪೋಲಿಯನ್ 1804ರಲ್ಲಿ ಅದನ್ನು ಮತ್ತೆ ತಂದು, ತನ್ನ ಮಹಾಬೇಟೆಗಾರನಾದ ದಂಡನಾಯಕ ಬೆರ್ತಿಯೆಯ ಅಧೀನಕ್ಕೊಪ್ಪಿಸಿದ. ಮುಂದೆ ಅರಸರು ಅಳಿದರು, ಗಣರಾಜ್ಯ ಬಂದಿತು. ಉಪಾಧಿಕಾರಿಯ ಹೆಸರು ಮಾತ್ರ ಉಳಿಯಿತು. 1930ರ ದಶಕದ ಹೊತ್ತಿಗೆ ಆ ನಾಡಿನಲ್ಲಿ ತೋಳವೂ ಇಲ್ಲವಾಯಿತು. ತೋಳವಿಲ್ಲದ ದೇಶದಲ್ಲಿ ತೋಳಬೇಟೆಯ ಅಧಿಕಾರಿ! ನಗು ಬರುವ ಸಂಗತಿಯೇ. ಆದರೆ ಅವರು ಕೈಕಟ್ಟಿ ಕೂರಲಿಲ್ಲ. ಸಂಬಳವಿಲ್ಲದೆ, ತಮ್ಮ ಖರ್ಚಿನಲ್ಲಿಯೇ ಬೇಟೆನಾಯಿಗಳನ್ನು ಸಾಕಿಕೊಂಡು, ಬೆಳೆ ಹಾಳುಮಾಡುವ ಕಾಡುಹಂದಿಗಳ ಬೆನ್ನುಹತ್ತಿದರು.

1992ರಲ್ಲಿ ವಿಚಿತ್ರವೊಂದು ನಡೆಯಿತು. ಇಟಲಿಯ ಗಡಿಯ ಮೆರ್ಕಾಂತೂರ್ ಬೆಟ್ಟಗಳಲ್ಲಿ ಎರಡು ತೋಳಗಳು ಕಾಣಿಸಿಕೊಂಡವು. ಬಿರುದನ್ನು ಹುಡುಕಿಕೊಂಡು ಪ್ರಾಣಿಯೇ ಬಂದಂತಾಯಿತು! ಆದರೆ ಈ ಸಲ ತೋಳಕ್ಕೂ ಕಾನೂನಿನ ರಕ್ಷೆಯಿತ್ತು. ಮಂದೆಯ ಮೇಲೆ ಮತ್ತೆ ಮತ್ತೆ ದಾಳಿಯಾದಾಗ, ಜಿಲ್ಲಾಡಳಿತದ ಅಪ್ಪಣೆ ದೊರೆತರಷ್ಟೇ ಉಪಾಧಿಕಾರಿ ಬಂದೂಕು ಹಿಡಿಯಬಹುದು. ಕುರುಬನಿಗೆ ಅವನು ತಡವಾಗಿ ಬಂದವನು. ಕಾಡಿನ ಮೇಲೆ ಮಮತೆಯುಳ್ಳವರಿಗೆ ಬರಬಾರದಿದ್ದವನು.

ಇರುಳಿನ ಚಳಿಯಲ್ಲಿ ಮಂದೆಯ ಬಳಿ ಕಾದು ಕುಳಿತಿರುವ ಆ ಮನುಷ್ಯನನ್ನು ನಾನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತೇನೆ. ಅವನನ್ನು ನೋಡಲು ಅಲ್ಲಿ ಅರಸನಿಲ್ಲ, ಆಸ್ಥಾನವಿಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆ ಷಾರ್ಲಮೇನ್ ಒಪ್ಪಿಸಿದ ಕೆಲಸ ಮಾತ್ರ ಎದುರಿಗಿದೆ. ವರ್ಸೇಲ್ಸಿನ ವೈಭವದಲ್ಲಿ ಕಳೆದುಹೋಗಿದ್ದ ಆ ಬಿರುದಿಗೆ ತನ್ನ ಅರ್ಥ ಮರಳಿ ದೊರೆತದ್ದು ಆ ಕತ್ತಲೆಯಲ್ಲಿಯೇ ಎಂದು ನನಗನ್ನಿಸುತ್ತದೆ.